ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲವೇ? ಹುಲ್ಲು ಕತ್ತರಿಸುವ ವಿದ್ಯುತ್ ಯಂತ್ರದ ಸುತ್ತಲಿನ ನಂಬಿಕೆಗಳು

ಮಳೆಗಾಲದ ಒಂದು ಬೆಳಿಗ್ಗೆಯನ್ನು ನೆನೆಸಿಕೊಳ್ಳಿ. ರಾತ್ರಿಯೆಲ್ಲ ಸುರಿದ ಮಳೆ ನಿಂತಿದೆ, ಬಿಸಿಲು ಇನ್ನೂ ಬಂದಿಲ್ಲ. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲಿ ಮಾಲಿ ಲಾನ್ ಮೋವರ್ ತಳ್ಳುತ್ತಿದ್ದಾರೆ. ಕಾಲಲ್ಲಿ ಹವಾಯಿ ಚಪ್ಪಲಿ. ಯಂತ್ರದ ವೈರು ಒದ್ದೆ ಹುಲ್ಲಿನ ಮೇಲೆ ಹರಿದು, ನಡುವೆ ಟೇಪ್ ಸುತ್ತಿದ ಒಂದು ಜೋಡಣೆಯನ್ನು ದಾಟಿ, ನೆಲಮಾಳಿಗೆಯ ಸಾಕೆಟ್ಟಿಗೆ ಸೇರಿದೆ. ‘ಹುಷಾರು, ಶಾಕ್ ಹೊಡೆದೀತು’ ಎಂದು ಯಾರಾದರೂ ಹೇಳಿದರೆ ಬರುವ ಉತ್ತರ: ‘ಏನಾಗಲ್ಲ ಸಾರ್, ಎಂಸಿಬಿ ಇದೆಯಲ್ಲ.’

ಇದು ಮಾಲಿಯೊಬ್ಬರ ನಂಬಿಕೆಯಲ್ಲ. ಯಂತ್ರ ಕೊಂಡು ತಂದ ನಿವಾಸಿಗಳ ಸಂಘದವರೂ, ಮನೆ ಮುಂದೆ ಒಂದಿಷ್ಟು ಹುಲ್ಲು ಬೆಳೆಸಿ ಭಾನುವಾರ ತಾವೇ ಕತ್ತರಿಸುವವರೂ ಇದನ್ನೇ ನಂಬಿರುತ್ತಾರೆ. ಆದರೆ ಎಂಸಿಬಿ ಮನುಷ್ಯನನ್ನು ಶಾಕ್‌ನಿಂದ ಕಾಪಾಡಲು ಮಾಡಿದ ಸಾಧನವೇ ಅಲ್ಲ. ಹುಲ್ಲು ಕತ್ತರಿಸುವ ಯಂತ್ರದ ಬಗ್ಗೆ ಇಂಥ ಇನ್ನೂ ಕೆಲವು ನಂಬಿಕೆಗಳಿವೆ. ಅವುಗಳಲ್ಲಿ ನಿಜವೆಷ್ಟು? ಯಂತ್ರದಿಂದಲೇ ಶುರುಮಾಡೋಣ.

ಈ ಯಂತ್ರ ಹುಲ್ಲನ್ನು ಕತ್ತರಿಸುವುದು ಹೇಗೆ?

ಮೊದಲ ಲಾನ್ ಮೋವರ್‌ಗೆ 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವರು ಪೇಟೆಂಟ್ ಪಡೆದರು. ಗಿರಣಿಗಳಲ್ಲಿ ಉಣ್ಣೆ ಬಟ್ಟೆಯ ಮೇಲೆ ಎದ್ದು ನಿಂತ ಎಳೆಗಳನ್ನು ಸವರುವ ಯಂತ್ರವನ್ನು ನೋಡಿ ಅವರಿಗೆ ಈ ಯೋಚನೆ ಬಂದಿತ್ತು. ಅದರಲ್ಲಿ ಉರುಳೆಯ ಸುತ್ತ ಬಾಗಿದ ಅಲಗುಗಳಿದ್ದವು. ಉರುಳೆ ತಿರುಗಿದಾಗ ಆ ಅಲಗುಗಳು ಕೆಳಗಿನ ಸ್ಥಿರ ಅಲಗಿನೊಂದಿಗೆ ಸೇರಿ ಕತ್ತರಿಯಂತೆ ಹುಲ್ಲನ್ನು ಕತ್ತರಿಸುತ್ತಿದ್ದವು. ಕೈಯಿಂದ ತಳ್ಳುವ ಮೋವರ್‌ಗಳು ಇಂದಿಗೂ ಹೀಗೆಯೇ ಕೆಲಸ ಮಾಡುತ್ತವೆ.

ಈಗ ಹೆಚ್ಚಾಗಿ ಸಿಗುವ ವಿದ್ಯುತ್ ಮೋವರ್‌ನ ವಿಧಾನ ಬೇರೆ. ಪ್ಲಾಸ್ಟಿಕ್ ಅಥವಾ ಲೋಹದ ಹೊದಿಕೆಯ ಕೆಳಗೆ ಫ್ಯಾನಿನ ರೆಕ್ಕೆಯಂತೆ ಒಂದೇ ಬ್ಲೇಡ್ ಅಡ್ಡಲಾಗಿ ತಿರುಗುತ್ತದೆ. ಕತ್ತರಿಗೆ ಇರುವಂತೆ ಎದುರಿಗೆ ಇನ್ನೊಂದು ಅಲಗಿಲ್ಲ. ಹುಲ್ಲಿನ ಎಸಳು ಬಾಗಿ ತಪ್ಪಿಸಿಕೊಳ್ಳುವ ಮುನ್ನ ಅದನ್ನು ಹೊಡೆದು ತುಂಡರಿಸಬೇಕು. ಹಾಗಾಗಿ ಕೆಲಸವೆಲ್ಲ ವೇಗದಿಂದಲೇ ಆಗಬೇಕು.

ಆ ವೇಗ ಎಷ್ಟೆಂದು ಲೆಕ್ಕ ಹಾಕಬಹುದು. ಬ್ಲೇಡ್ 36 ಸೆಂ.ಮೀ. ಉದ್ದವಿದ್ದು, ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ ಬ್ಲೇಡಿನ ತುದಿ ಸುಮಾರು 113 ಸೆಂ.ಮೀ. ಸಾಗುತ್ತದೆ. ಹಾಗಾದರೆ ಸೆಕೆಂಡಿಗೆ 56 ಮೀಟರ್, ಗಂಟೆಗೆ 200 ಕಿ.ಮೀ.ಗೂ ಹೆಚ್ಚು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಇರುವ ಗರಿಷ್ಠ ಮಿತಿಯ ಎರಡು ಪಟ್ಟು. ಹುಲ್ಲಿನಲ್ಲಿ ಅಡಗಿರುವ ಒಂದು ಜಲ್ಲಿ ಕಲ್ಲಿಗೋ ಮೊಳೆಗೋ ಈ ತುದಿ ಬಡಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಕಣ್ಣಿಗೆ ಕನ್ನಡಕ, ಕಾಲಿಗೆ ಉದ್ದ ಪ್ಯಾಂಟು ಮತ್ತು ಮುಚ್ಚಿದ ಬೂಟು ಬೇಕು ಎನ್ನುವುದೂ, ಮಕ್ಕಳನ್ನು ದೂರ ಕಳಿಸಬೇಕು ಎನ್ನುವುದೂ ಇದೇ ಕಾರಣಕ್ಕೆ.

ನಂಬಿಕೆ 1: ಸ್ವಿಚ್ ಬಿಟ್ಟರೆ ಬ್ಲೇಡ್ ನಿಂತುಬಿಡುತ್ತದೆ

ಸ್ವಿಚ್ ಬಿಟ್ಟೊಡನೆ ಮೋಟರಿಗೆ ವಿದ್ಯುತ್ ನಿಲ್ಲುತ್ತದೆ, ಬ್ಲೇಡ್ ನಿಲ್ಲುವುದಿಲ್ಲ. ಸೀಲಿಂಗ್ ಫ್ಯಾನ್ ಆರಿಸಿದ ಮೇಲೂ ಕೆಲ ಹೊತ್ತು ತಿರುಗುವಂತೆ ಇದೂ ತನ್ನ ಜಡತ್ವದಿಂದ ತಿರುಗುತ್ತಲೇ ಇರುತ್ತದೆ. ಅಮೆರಿಕದಲ್ಲಿ 1982ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ನಡೆದುಕೊಂಡು ತಳ್ಳುವ ಮೋವರ್‌ನ ಹಿಡಿಕೆ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು. ಬ್ರೇಕ್ ಇರುವ ಯಂತ್ರದ ಮಾತಿದು. ಅಲ್ಲಿಯೂ 50 ಸುತ್ತಿನಿಂದ ಸೊನ್ನೆಗೆ ಇಳಿಯುವ ಆ 3 ಸೆಕೆಂಡಿನಲ್ಲಿ ಬ್ಲೇಡ್ 75ರಷ್ಟು ಸುತ್ತು ಹಾಕಿರುತ್ತದೆ. ಬ್ರೇಕ್ ಇಲ್ಲದ ಅಥವಾ ಬ್ರೇಕ್ ಸವೆದ ಯಂತ್ರದಲ್ಲಿ ಇನ್ನೂ ಹೆಚ್ಚು.

ಹುಲ್ಲು ಸಿಕ್ಕಿಕೊಂಡು ಯಂತ್ರ ಗುರುಗುಟ್ಟಿದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಸ್ವಿಚ್ ಬಿಟ್ಟು, ಯಂತ್ರವನ್ನು ಓರೆ ಮಾಡಿ, ಕೈ ಹಾಕುವುದು. ಅಪಾಯ ಇರುವುದು ಇಲ್ಲಿಯೇ. ಬ್ಲೇಡ್ ನಿಂತಂತೆ ಕಂಡರೂ ಪ್ಲಗ್ ಸಾಕೆಟ್ಟಿನಲ್ಲೇ ಇದ್ದರೆ ಹಿಡಿಕೆಗೆ ಯಾರದಾದರೂ ಕೈ ತಾಗಿ ಅದು ಮತ್ತೆ ತಿರುಗಬಹುದು. ಕ್ರಮ ಹೀಗಿರಲಿ: ಸ್ವಿಚ್ ಬಿಡಿ, ಪ್ಲಗ್ ಕೀಳಿ, ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾಯಿರಿ, ಆಮೇಲೆ ಕೋಲಿನಿಂದ ಹುಲ್ಲು ತೆಗೆಯಿರಿ. ಕೈಯಿಂದ ಬೇಡ.

ನಂಬಿಕೆ 2: ಎಂಸಿಬಿ ನಮ್ಮನ್ನು ಕಾಪಾಡುತ್ತದೆ

ಎಂಸಿಬಿ ಕಾಪಾಡುವುದು ಗೋಡೆಯೊಳಗಿನ ವೈರನ್ನು. ವೈರು ತಾಳುವುದಕ್ಕಿಂತ ಹೆಚ್ಚು ವಿದ್ಯುತ್ ಹರಿದರೆ ಅದು ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಹಾಗಾಗದಂತೆ ಎಂಸಿಬಿ ಸಂಪರ್ಕ ಕಡಿಯುತ್ತದೆ. ಪವರ್ ಸಾಕೆಟ್ಟಿಗೆ ಸಾಮಾನ್ಯವಾಗಿ 16 ಆಂಪಿಯರ್ ಎಂಸಿಬಿ ಇರುತ್ತದೆ. ಅಂದರೆ 16,000 ಮಿಲಿಆಂಪಿಯರ್‌ವರೆಗೆ ಅದು ಸುಮ್ಮನಿರುತ್ತದೆ.

ಮನುಷ್ಯನಿಗೆ ಎಷ್ಟು ಸಾಕು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದನ್ನು ಅಳೆದಿದ್ದರು. ಹಿಡಿದ ತಂತಿಯನ್ನು ತಾವಾಗಿಯೇ ಬಿಡಲು ಸಾಧ್ಯವಾಗುವ ಗರಿಷ್ಠ ಮಟ್ಟ ಪುರುಷರಲ್ಲಿ ಸರಾಸರಿ 16 ಮಿಲಿಆಂಪಿಯರ್, ಮಹಿಳೆಯರಲ್ಲಿ 10.5. ಅದಕ್ಕಿಂತ ಹೆಚ್ಚಾದರೆ ಕೈಯ ಸ್ನಾಯುಗಳು ಬಿಗಿದುಕೊಂಡು ತಂತಿಯನ್ನು ಬಿಡಲು ಆಗುವುದಿಲ್ಲ. ‘ಕರೆಂಟ್ ಎಳೆದುಕೊಂಡಿತು’ ಎಂದು ನಾವು ಹೇಳುವುದು ಈ ಸ್ಥಿತಿಗೇ. ಇನ್ನೂ ಹೆಚ್ಚಿನ ವಿದ್ಯುತ್ ಎದೆಯ ಮೂಲಕ ಸೆಕೆಂಡುಗಟ್ಟಲೆ ಹರಿದರೆ ಹೃದಯದ ಬಡಿತ ಲಯ ತಪ್ಪುತ್ತದೆ.

ಈಗ ಒದ್ದೆ ಹುಲ್ಲಿಗೆ ಬನ್ನಿ. ಚರ್ಮ ಒಣಗಿದ್ದಾಗ ದೇಹದ ವಿದ್ಯುತ್ ನಿರೋಧ ಹಲವು ಸಾವಿರ ಓಮ್ ಇರಬಹುದು. ಕೈ ಕಾಲು ಒದ್ದೆಯಾದಾಗ ಅದು ಸುಮಾರು 1000 ಓಮ್‌ಗೆ ಇಳಿಯಬಹುದು. 230 ವೋಲ್ಟನ್ನು 1000ದಿಂದ ಭಾಗಿಸಿದರೆ 230 ಮಿಲಿಆಂಪಿಯರ್. ಪ್ರಾಣ ತೆಗೆಯಲು ಇದು ಬೇಕಾದಷ್ಟಾಯಿತು. ಎಂಸಿಬಿಗೆ ಇದು ಹೇಗೆ ಕಾಣುತ್ತದೆ? 1500 ವಾಟ್ ಮೋವರ್ ಸುಮಾರು 6.5 ಆಂಪಿಯರ್ ಎಳೆಯುತ್ತಿದೆ. ಅದಕ್ಕೆ ಮನುಷ್ಯನ ಮೂಲಕ ಹರಿಯುವ 0.23 ಸೇರಿ 6.73 ಆಯಿತು. ಮಿತಿ 16. ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ!

ಮನುಷ್ಯನನ್ನು ಕಾಪಾಡಲು ಇರುವ ಸಾಧನ ಆರ್‌ಸಿಸಿಬಿ. ಇದರ ತರ್ಕ ಸರಳ. ಫೇಸ್ ವೈರಿನಲ್ಲಿ ಹೋದಷ್ಟೇ ವಿದ್ಯುತ್ ನ್ಯೂಟ್ರಲ್ ವೈರಿನಲ್ಲಿ ವಾಪಸಾಗಬೇಕು. ಹೋದದ್ದಕ್ಕಿಂತ ಬಂದದ್ದು ಕಡಿಮೆಯಾದರೆ, ನಡುವೆ ಎಲ್ಲೋ ಸೋರಿದೆ ಎಂದರ್ಥ. ಬಹುಶಃ ಯಾರದೋ ದೇಹದ ಮೂಲಕ ನೆಲಕ್ಕೆ. ಈ ಎರಡೂ ವೈರುಗಳು ಆರ್‌ಸಿಸಿಬಿಯೊಳಗಿನ ಒಂದು ಕಾಂತೀಯ ಬಳೆಯ ಮೂಲಕ ಹಾದುಹೋಗುತ್ತವೆ. ಎರಡರ ಪ್ರಭಾವ ಸಮವಾಗಿದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ವ್ಯತ್ಯಾಸ ಬಂದ ಕೂಡಲೇ ಸಂಪರ್ಕ ಕಡಿಯುತ್ತದೆ. ಮನೆಗಳಿಗೆ ಹಾಕಬೇಕಾದದ್ದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಮೇಲಿನ ಲೆಕ್ಕದಂತೆ 230 ಮಿಲಿಆಂಪಿಯರ್ ಸೋರಿದರೆ, ಮಾನದಂಡಕ್ಕೆ ತಕ್ಕ ಆರ್‌ಸಿಸಿಬಿ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಸಮಯದೊಳಗೆ ಬೀಳಬೇಕು. ಆಗಲೂ ಶಾಕ್ ಹೊಡೆಯುತ್ತದೆ, ಆದರೆ ಹೃದಯವನ್ನು ನಿಲ್ಲಿಸುವಷ್ಟು ಹೊತ್ತು ಹರಿಯುವುದಿಲ್ಲ.

ನಿಮ್ಮಲ್ಲಿ ಆರ್‌ಸಿಸಿಬಿ ಇದೆಯೇ ಎಂದು ತಿಳಿಯುವುದು ಸುಲಭ. ಮೀಟರ್ ಬೋರ್ಡ್ ಅಥವಾ ಡಿಬಿ ಬಾಕ್ಸ್ ತೆರೆದು ನೋಡಿ. ಎಂಸಿಬಿಗಿಂತ ಅಗಲವಾಗಿದ್ದು, ಮೇಲೆ ಟೆಸ್ಟ್ ಎಂಬ ಸಣ್ಣ ಗುಂಡಿ ಇರುತ್ತದೆ. ಸೋರಿಕೆಯ ಮಿತಿ 30 ಮಿಲಿಆಂಪಿಯರ್ ಎಂದು ಅದರ ಮೇಲೆಯೇ ಬರೆದಿರುತ್ತದೆ. ಕೆಲವು ಕಡೆ 100 ಅಥವಾ 300ರದ್ದನ್ನು ಹಾಕಿರುತ್ತಾರೆ. ಅವು ಬೆಂಕಿ ತಡೆಯಲು, ಮನುಷ್ಯನಿಗೆ ಸಾಲವು. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ. ಒತ್ತಿದ ಕೂಡಲೇ ಬೀಳದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಒಂದು ಎಚ್ಚರಿಕೆ ಇಲ್ಲಿಯೂ ಬೇಕು: ನೆಲದ ಸಂಪರ್ಕವಿಲ್ಲದೆ, ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ವಿದ್ಯುತ್ ಎಲ್ಲಿಗೂ ಸೋರುವುದಿಲ್ಲ, ಹಾಗಾಗಿ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಅದು ಕೊನೆಯ ಕಾವಲು. ಅದನ್ನು ನಂಬಿ ಹರಿದ ವೈರು ಬಳಸಬಾರದು.

ನಂಬಿಕೆ 3: ರಬ್ಬರ್ ಚಪ್ಪಲಿ ಹಾಕಿದ್ದರೆ ಸಾಕು

ಒಣಗಿದ ಶುದ್ಧ ರಬ್ಬರ್ ವಿದ್ಯುತ್ತನ್ನು ಹಾಯಗೊಡುವುದಿಲ್ಲ ಎನ್ನುವುದು ನಿಜ. ಆದರೆ ಹುಲ್ಲುಹಾಸಿನ ಮೇಲೆ ಹವಾಯಿ ಚಪ್ಪಲಿ ಒಣಗಿರುವುದಿಲ್ಲ. ಅದರ ಅಂಚಿನಿಂದ ನೀರು ಪಾದಕ್ಕೆ ತಾಗಿರುತ್ತದೆ, ಒದ್ದೆ ಹುಲ್ಲು ನೇರವಾಗಿ ಬೆರಳುಗಳನ್ನು ಸವರುತ್ತಿರುತ್ತದೆ. ನೀರಿನ ಆ ತೆಳು ಪದರವೇ ವಿದ್ಯುತ್ತಿಗೆ ದಾರಿ. ಇನ್ನು ಬ್ಲೇಡಿನ ವಿಷಯಕ್ಕೆ ಬಂದರೆ ಚಪ್ಪಲಿಯೂ ಬರಿಗಾಲೂ ಒಂದೇ. ಒದ್ದೆ ಹುಲ್ಲಿನಲ್ಲಿ ಚಪ್ಪಲಿ ಜಾರುತ್ತದೆ, ಜಾರಿದ ಕಾಲು ಹೊದಿಕೆಯ ಅಡಿಗೇ ಹೋಗುತ್ತದೆ. ಯಂತ್ರವನ್ನು ಹಿಂದಕ್ಕೆ, ತಮ್ಮ ಕಡೆಗೆ ಎಳೆದುಕೊಳ್ಳುವಾಗ ಈ ಅಪಾಯ ಹೆಚ್ಚು. ಬೆರಳು ಮುಚ್ಚುವ, ಜಾರದ ಗಟ್ಟಿ ಬೂಟು ಬೇಕು. ಇಳಿಜಾರಿನಲ್ಲಿ ಮೇಲೆ ಕೆಳಗೆ ತಳ್ಳದೆ ಅಡ್ಡಡ್ಡವಾಗಿ ಸಾಗಬೇಕು. ಆಗ ಜಾರಿದರೂ ಯಂತ್ರ ಮೈಮೇಲೆ ಬರುವುದಿಲ್ಲ.

ನಂಬಿಕೆ 4: ಎರಡೇ ಪಿನ್ ಇರುವ ಪ್ಲಗ್ ಅಪಾಯಕಾರಿ

ಎಷ್ಟೋ ಮೋವರ್‌ಗಳ ಪ್ಲಗ್‌ನಲ್ಲಿ ಅರ್ಥ್ ಪಿನ್ ಇರುವುದಿಲ್ಲ. ‘ಕಂಪನಿಯವರು ಉಳಿತಾಯ ಮಾಡಿದ್ದಾರೆ’ ಎಂದುಕೊಳ್ಳುವವರಿದ್ದಾರೆ. ಯಂತ್ರದ ಲೇಬಲ್ ಮೇಲೆ ಒಂದರೊಳಗೊಂದು ಎರಡು ಚೌಕಗಳ ಗುರುತಿದ್ದರೆ ಅದು ಇಮ್ಮಡಿ ಇನ್ಸುಲೇಷನ್ ಇರುವ ಯಂತ್ರ. ಒಂದು ಪದರ ಹಾಳಾದರೂ ಇನ್ನೊಂದು ಕಾಪಾಡುವಂತೆ ಮಾಡಿರುತ್ತಾರೆ, ಅದಕ್ಕೆ ಅರ್ಥಿಂಗ್ ಬೇಕಿಲ್ಲ. ಆದರೆ ಒಳಗೆ ನೀರು ಹೋದರೆ ಎರಡು ಪದರಗಳ ರಕ್ಷಣೆಯೂ ಉಳಿಯುವುದಿಲ್ಲ. ಯಂತ್ರವನ್ನು ಪೈಪಿನ ನೀರಿನಿಂದ ತೊಳೆಯಬಾರದು ಎನ್ನುವುದು ಅದಕ್ಕೇ.

ಮೂರು ಪಿನ್ ಇರುವ ಯಂತ್ರಕ್ಕೆ ಮಾತ್ರ ಅರ್ಥಿಂಗ್ ಕಡ್ಡಾಯ. ಅದನ್ನು ಎರಡೆಳೆಯ ಎಕ್ಸ್‌ಟೆನ್ಷನ್ ವೈರಿಗೆ ಸೇರಿಸಿದರೆ ಮೂರನೆಯ ಪಿನ್ ಬರೀ ಅಲಂಕಾರವಾಗುತ್ತದೆ. ಪ್ಲಗ್ಗೇ ಇಲ್ಲದೆ ವೈರಿನ ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. ಹುಲ್ಲಿನ ಕೆಲಸದಲ್ಲಿ ವೈರನ್ನು ನಿಮಿಷಕ್ಕೊಮ್ಮೆ ಎಳೆಯುತ್ತಲೇ ಇರುತ್ತಾರೆ. ಸಡಿಲ ತುದಿ ಯಾವಾಗ ಹೊರಬಂದು ಯಾರಿಗೆ ತಾಗುತ್ತದೋ ಹೇಳಲಾಗದು.

ನಂಬಿಕೆ 5: ಯಾವ ಎಕ್ಸ್‌ಟೆನ್ಷನ್ ವೈರಾದರೂ ನಡೆಯುತ್ತದೆ

ವೈರು ಉದ್ದವಾದಷ್ಟೂ, ಸಣ್ಣದಾದಷ್ಟೂ ಅದರ ನಿರೋಧ ಹೆಚ್ಚು. 50 ಮೀಟರ್ ಉದ್ದದ, 0.75 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರನ್ನು ತೆಗೆದುಕೊಳ್ಳಿ. ಹೋಗಿ ಬರುವ 100 ಮೀಟರಿಗೆ ನಿರೋಧ ಸುಮಾರು 2.3 ಓಮ್. 6.5 ಆಂಪಿಯರ್ ಹರಿದಾಗ 15 ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತದೆ, 100 ವಾಟಿನ ಹತ್ತಿರ ಶಕ್ತಿ ವೈರಿನಲ್ಲೇ ಶಾಖವಾಗುತ್ತದೆ. ವೈರನ್ನು ಪೂರ್ತಿ ಬಿಚ್ಚಿ ಹಾಕಿದ್ದರೆ ಆ ಶಾಖ ಗಾಳಿಗೆ ಹೋಗುತ್ತದೆ. ರಾಟೆಗೆ ಸುತ್ತಿದಂತೆಯೇ ಬಿಟ್ಟರೆ ಒಳಗಿನ ಸುತ್ತುಗಳ ಶಾಖ ಹೊರಬರಲು ದಾರಿಯಿಲ್ಲದೆ ಪ್ಲಾಸ್ಟಿಕ್ ಕರಗುತ್ತದೆ. ‘ಯಂತ್ರಕ್ಕೆ ಶಕ್ತಿ ಸಾಲದು’ ಎನ್ನುವ ದೂರಿಗೂ ಕೆಲವೊಮ್ಮೆ ಕಾರಣ ಈ ವೈರೇ.

ಹೊರಾಂಗಣಕ್ಕೆಂದು ಮಾಡಿದ, ಮೂರೆಳೆಯ, 1.5 ಚದರ ಮಿಲಿಮೀಟರಿನ ವೈರು ಬಳಸಿದರೆ ಈ ನಷ್ಟ ಅರ್ಧಕ್ಕೆ ಇಳಿಯುತ್ತದೆ. ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ. ಹಸಿರು ಅಥವಾ ಕಪ್ಪು ವೈರು ಹುಲ್ಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಡುವೆ ಟೇಪ್ ಸುತ್ತಿದ ಜೋಡಣೆ ಬೇಡವೇ ಬೇಡ.

ವೈರೇ ಬ್ಲೇಡಿಗೆ ಸಿಕ್ಕಿದರೆ? ಎಂಸಿಬಿ ಬೀಳಬಹುದು, ಬೀಳದೆಯೂ ಇರಬಹುದು. ಬೀಳದಿದ್ದರೆ ತುಂಡಾದ ತುದಿಯಲ್ಲಿ 230 ವೋಲ್ಟ್ ಇಟ್ಟುಕೊಂಡು ವೈರು ಒದ್ದೆ ಹುಲ್ಲಿನಲ್ಲಿ ಬಿದ್ದಿರುತ್ತದೆ. ಬಿದ್ದರೂ, ‘ಯಾಕೋ ಎಂಸಿಬಿ ಬಿದ್ದಿದೆ’ ಎಂದು ಕೆಳಗೆ ಯಾರೋ ಅದನ್ನು ಮತ್ತೆ ಎತ್ತುವ ಹೊತ್ತಿಗೆ ಮೇಲೆ ಮಾಲಿ ಆ ತುದಿಯನ್ನು ಕೈಗೆತ್ತಿಕೊಂಡಿರಬಹುದು. ಆದ್ದರಿಂದ ವೈರು ತುಂಡಾದರೆ ಅದನ್ನು ಮುಟ್ಟದೆ ಮೊದಲು ಸಾಕೆಟ್ಟಿನ ಬಳಿ ಹೋಗಿ ಪ್ಲಗ್ ಕೀಳಬೇಕು. ಎಂಸಿಬಿ ಬಿದ್ದರೆ ಕಾರಣ ತಿಳಿಯದೆ ಯಾರೂ ಎತ್ತಬಾರದು.

ಇದನ್ನು ತಪ್ಪಿಸುವ ಉಪಾಯ ಸುಲಭ. ಸಾಕೆಟ್ಟಿನ ಹತ್ತಿರದಿಂದ ಶುರುಮಾಡಿ ದೂರಕ್ಕೆ ಸಾಗಿ. ವೈರು ಯಾವಾಗಲೂ ಆಗಲೇ ಕತ್ತರಿಸಿದ ಕಡೆಗೆ ಇರಲಿ, ಕತ್ತರಿಸಬೇಕಾದ ಕಡೆಗಲ್ಲ. ಪ್ರತಿ ತಿರುವಿನಲ್ಲೂ ಒಮ್ಮೆ ವೈರಿನ ಕಡೆ ಕಣ್ಣಾಡಿಸಿ.

ನಂಬಿಕೆ 6: ಬ್ಯಾಟರಿ ಮೋವರ್‌ನಲ್ಲಿ ಅಪಾಯವೇ ಇಲ್ಲ

ಬ್ಯಾಟರಿ ಮೋವರ್‌ಗಳು ಹೆಚ್ಚಾಗಿ 18ರಿಂದ 40 ವೋಲ್ಟ್‌ನಲ್ಲಿ ನಡೆಯುತ್ತವೆ, ಎಳೆದಾಡುವ ವೈರಿಲ್ಲ. ಪ್ರಾಣಾಂತಿಕ ಶಾಕ್‌ನ ಭಯ ಬಹುಮಟ್ಟಿಗೆ ಇಲ್ಲ. ಸಾಕೆಟ್ ದೂರವಿರುವ ಕಡೆ ಇದು ಒಳ್ಳೆಯ ಆಯ್ಕೆಯೇ. ಆದರೆ ಬ್ಲೇಡಿಗೆ ಬ್ಯಾಟರಿಯೂ ಒಂದೇ, ಪ್ಲಗ್ಗೂ ಒಂದೇ. ವೈರಿದ್ದರೆ ಪ್ಲಗ್ ಕೀಳುವುದು ಕಣ್ಣಿಗೆ ಕಾಣುವ ಕೆಲಸ. ಬ್ಯಾಟರಿ ಯಂತ್ರದಲ್ಲಿ ಶಕ್ತಿ ಒಳಗೇ ಇರುತ್ತದೆ, ಹಾಗಾಗಿ ಮರೆಯುವುದು ಸುಲಭ. ಹುಲ್ಲು ಬಿಡಿಸುವ, ಬ್ಲೇಡ್ ಮುಟ್ಟುವ ಮುನ್ನ ಸುರಕ್ಷತಾ ಕೀಲಿ ಇದ್ದರೆ ಅದನ್ನೂ, ಬ್ಯಾಟರಿಯನ್ನೂ ಹೊರತೆಗೆಯಬೇಕು. ಲಿಥಿಯಂ ಬ್ಯಾಟರಿಯನ್ನು ಬಿಸಿಲಿನಲ್ಲಿ ಬಿಡಬಾರದು, ಉಬ್ಬಿದ್ದನ್ನು ಚಾರ್ಜ್ ಮಾಡಬಾರದು, ಅದರದೇ ಚಾರ್ಜರ್ ಬಿಟ್ಟು ಬೇರೆ ಬಳಸಬಾರದು.

ನಂಬಿಕೆ 7: ಬುಡದವರೆಗೆ ಕತ್ತರಿಸಿದರೆ ತಿಂಗಳು ಕೆಲಸವಿಲ್ಲ

ಇದುವರೆಗಿನದು ಯಂತ್ರದ ಮಾತಾಯಿತು. ಇನ್ನು ಹುಲ್ಲಿನ ಮಾತು. ಗಿಡಗಳ ಕುಡಿ ಚಿವುಟಿದರೆ ಅಲ್ಲಿಗೆ ಬೆಳವಣಿಗೆ ನಿಲ್ಲುತ್ತದೆ. ಹುಲ್ಲು ಹಾಗಲ್ಲ. ಅದರ ಎಸಳು ಬೆಳೆಯುವುದು ಬುಡದಿಂದ. ದನ ಮೇದರೂ, ಯಂತ್ರ ಸವರಿದರೂ ಮತ್ತೆ ಚಿಗುರುವುದು ಈ ಕಾರಣಕ್ಕೆ. ಗಣಪತಿ ಪೂಜೆಗೆ ನಾವು ಕಿತ್ತು ತರುವ ಗರಿಕೆ ಜಗತ್ತಿನಾದ್ಯಂತ ಆಟದ ಮೈದಾನಗಳಲ್ಲಿ ಬೆಳೆಸುವ ಹುಲ್ಲುಗಳಲ್ಲಿ ಒಂದು. ನೆಲದ ಮೇಲೂ ಒಳಗೂ ಹಬ್ಬುವ ಕಾಂಡ ಇರುವುದರಿಂದ ಅದು ಎಂಥ ಕತ್ತರಿಗೂ ಜಗ್ಗುವುದಿಲ್ಲ.

ಹಾಗೆಂದು ಬುಡದವರೆಗೆ ಬೋಳಿಸಬಹುದೇ? ಎಸಳೇ ಹುಲ್ಲಿನ ಅಡುಗೆಮನೆ. ಬಿಸಿಲಿನಿಂದ ಆಹಾರ ತಯಾರಾಗುವುದು ಅಲ್ಲಿ. ಅದನ್ನು ಒಮ್ಮೆಲೇ ಬಹುಪಾಲು ತೆಗೆದರೆ ಬೇರಿಗೆ ಹೋಗಬೇಕಾದ ಆಹಾರ ಹೊಸ ಎಸಳಿಗೆ ತಿರುಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕ್ರೈಡರ್ ಎಂಬ ವಿಜ್ಞಾನಿ 1955ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಸಳಿನ ಅರ್ಧ ಅಥವಾ ಹೆಚ್ಚು ಭಾಗ ಒಮ್ಮೆಲೇ ತೆಗೆದಾಗ ಬೇರಿನ ಬೆಳವಣಿಗೆ ಕೆಲಕಾಲ ನಿಂತೇಹೋಗುತ್ತದೆ ಎಂದು ಕಂಡುಕೊಂಡಿದ್ದರು. ಬೇರು ಸೊರಗಿದ ಹುಲ್ಲು ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಬೋಳಾದ ಜಾಗದಲ್ಲಿ ಬಿಸಿಲು ನೆಲಕ್ಕೆ ತಾಗಿ ತುಂಗೆ, ಮುಟ್ಟಿದರೆ ಮುನಿಯಂಥ ಕಳೆಗಳು ಏಳುತ್ತವೆ. ತಿಂಗಳ ಬಿಡುವು ಸಿಗುವ ಬದಲು ಕಳೆ ಕೀಳುವ ಕೆಲಸ ಹೆಚ್ಚಾಗುತ್ತದೆ.

ಅನುಭವಿಗಳು ಪಾಲಿಸುವ ನಿಯಮ ಮೂರನೇ ಒಂದು ಪಾಲು. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೇ ಒಂದಕ್ಕಿಂತ ಹೆಚ್ಚು ತೆಗೆಯಬೇಡಿ. ನಿಮಗೆ 4 ಸೆಂ.ಮೀ. ಎತ್ತರ ಬೇಕಿದ್ದರೆ 6 ಸೆಂ.ಮೀ. ಆದಾಗ ಕತ್ತರಿಸಿ. ಗರಿಕೆಯಂಥ ಸಣ್ಣ ಎಸಳಿನ ಹುಲ್ಲಿಗೆ 2.5ರಿಂದ 4 ಸೆಂ.ಮೀ. ಸಾಕು. ಅಗಲ ಎಸಳಿನ ಹುಲ್ಲಿಗೂ ನೆರಳಿನ ಜಾಗಕ್ಕೂ 6 ಸೆಂ.ಮೀ. ಅಥವಾ ಮೇಲೆ ಬಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬೇಕಾದೀತು, ಬೇಸಿಗೆಯಲ್ಲಿ ಎತ್ತರ ಹೆಚ್ಚಿಸಿ ಅಂತರವನ್ನೂ ಹೆಚ್ಚಿಸಿ. ಎರಡು ತಿಂಗಳು ಬಿಟ್ಟು ಮೊಣಕಾಲೆತ್ತರ ಬೆಳೆದಿದ್ದರೆ ಮೊದಲು ಕುಡುಗೋಲಿನಿಂದ ಇಳಿಸಿ, ಆಮೇಲೆ ಯಂತ್ರ ತನ್ನಿ.

ಹುಲ್ಲಿನ ಈ ಲೆಕ್ಕಕ್ಕೂ ಸುರಕ್ಷತೆಗೂ ನೇರ ಸಂಬಂಧವಿದೆ. ಉದ್ದ ಹುಲ್ಲು, ಒದ್ದೆ ಹುಲ್ಲು, ಮೊಂಡು ಬ್ಲೇಡ್ ಈ ಮೂರರಿಂದಲೂ ಯಂತ್ರ ಕಟ್ಟಿಕೊಳ್ಳುತ್ತದೆ. ಮೋಟರ್ ಹೆಚ್ಚು ವಿದ್ಯುತ್ ಎಳೆದು ಬಿಸಿಯಾಗುತ್ತದೆ. ಕಟ್ಟಿಕೊಂಡಾಗಲೇ ಅಲ್ಲವೇ ಅವಸರದಲ್ಲಿ ಕೈ ಒಳಗೆ ಹೋಗುವುದು? ಹುಲ್ಲಿಗೆ ಒಳ್ಳೆಯದಾದ ಅಭ್ಯಾಸಗಳು ಕೈಗೂ ಒಳ್ಳೆಯವು. ಕತ್ತರಿಸಿದ ಮರುದಿನ ಹುಲ್ಲಿನ ತುದಿ ಕಂದಾಗಿ ನಾರುನಾರಾಗಿ ಕಂಡರೆ ಬ್ಲೇಡ್ ಕತ್ತರಿಸುತ್ತಿಲ್ಲ, ಹರಿಯುತ್ತಿದೆ. ಸಾಣೆ ಹಿಡಿಸುವ ಸಮಯ ಬಂದಿದೆ.

ನಂಬಿಕೆ 8: ಕತ್ತರಿಸಿದ ಹುಲ್ಲು ಬಿಟ್ಟರೆ ಹುಲ್ಲುಹಾಸು ಕೊಳೆಯುತ್ತದೆ

ಗುಡ್ಡೆಗುಡ್ಡೆಯಾಗಿ ಬಿಟ್ಟರೆ ಕೆಳಗಿನ ಹುಲ್ಲು ಬೆಳಕಿಲ್ಲದೆ ಹಳದಿಯಾಗುತ್ತದೆ ಎನ್ನುವುದು ಸರಿ. ಆದರೆ ಮೂರನೇ ಒಂದರ ನಿಯಮದಲ್ಲಿ ಬೀಳುವ ತುಣುಕುಗಳು ಸಣ್ಣವು. ಹೆಚ್ಚಿನ ಭಾಗ ನೀರೇ. ಎಸಳುಗಳ ನಡುವೆ ಇಳಿದು ಕೆಲವೇ ದಿನಗಳಲ್ಲಿ ಕರಗಿಹೋಗುತ್ತವೆ, ಒಳಗಿನ ಸಾರಜನಕ ಮಣ್ಣಿಗೆ ವಾಪಸಾಗುತ್ತದೆ. ಹುಲ್ಲಿನ ಬುಡದಲ್ಲಿ ಕಟ್ಟುವ ಸ್ಪಂಜಿನಂಥ ದಪ್ಪ ಪದರಕ್ಕೆ ಈ ತುಣುಕುಗಳು ಮುಖ್ಯ ಕಾರಣವಲ್ಲ. ಬೇಗ ಕೊಳೆಯದ ಕಾಂಡ ಮತ್ತು ಬೇರುಗಳು ಕಾರಣ. ರೋಗ ತಗುಲಿದ ಹುಲ್ಲನ್ನು ಮಾತ್ರ ಹೊರಹಾಕಿ. ಗೊಬ್ಬರದ ಖರ್ಚು ಉಳಿಯುತ್ತದೆ, ಚೀಲ ಖಾಲಿ ಮಾಡಲು ಯಂತ್ರವನ್ನು ಮತ್ತೆಮತ್ತೆ ನಿಲ್ಲಿಸುವುದೂ ತಪ್ಪುತ್ತದೆ.

ಅಪಘಾತವಾದರೆ?

ಶಾಕ್ ಹೊಡೆದು ಬಿದ್ದವರನ್ನು ಕೂಡಲೇ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ ಅಥವಾ ಪ್ಲಗ್ ಕೀಳಿ. ಆಮೇಲೆ 108ಕ್ಕೆ ಕರೆ ಮಾಡಿ. ಪ್ರಜ್ಞೆಯಿಲ್ಲದೆ, ಸಹಜವಾಗಿ ಉಸಿರಾಡದಿದ್ದರೆ ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಸಲದಂತೆ ಬಲವಾಗಿ ಒತ್ತುತ್ತಿರಿ, ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕುಳಿತು ‘ಸರಿಯಾಗಿದ್ದೇನೆ’ ಎಂದರೂ ವೈದ್ಯರಿಗೆ ತೋರಿಸಿ.

ಬ್ಲೇಡಿನಿಂದ ಗಾಯವಾದರೆ ಶುದ್ಧ ಬಟ್ಟೆಯಿಂದ ಒತ್ತಿಹಿಡಿಯಿರಿ. ಅರಿಶಿನವನ್ನೂ ಕಾಫಿಪುಡಿಯನ್ನೂ ತುಂಬಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ಸ್ವಚ್ಛವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ, ಆ ಚೀಲವನ್ನು ಐಸ್ ಮತ್ತು ನೀರಿರುವ ಇನ್ನೊಂದು ಪಾತ್ರೆಯಲ್ಲಿಟ್ಟು ಆಸ್ಪತ್ರೆಗೆ ಒಯ್ಯಿರಿ. ಬೆರಳು ನೇರವಾಗಿ ಐಸಿಗೆ ತಾಗಬಾರದು.

ಯಂತ್ರ ಕೊಳ್ಳುವವರು ಒಬ್ಬರು, ತಳ್ಳುವವರು ಇನ್ನೊಬ್ಬರು

ಲಾನ್ ಮೋವರ್ ಹುಟ್ಟಿದ ದೇಶದಲ್ಲಿ ಅದನ್ನು ಸಾಮಾನ್ಯವಾಗಿ ಮನೆಯವರೇ ಕೊಂಡು ಮನೆಯವರೇ ಬಳಸುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಹಾಗಿಲ್ಲ. ಯಂತ್ರ ಆರಿಸುವುದು ಸಂಘದ ಸಭೆ, ಇಂಗ್ಲಿಷ್ ಕೈಪಿಡಿ ಹೋಗಿ ಸೇರುವುದು ಕಚೇರಿಯ ಬೀರು, ಹಿಡಿಕೆ ಹಿಡಿಯುವುದು ಮಾಲಿ. ಅವರ ಕೈಗೆ ಸಿಗುವುದು ಯಂತ್ರ ಮಾತ್ರ. ಒದ್ದೆಯಲ್ಲಿ ಬಳಸಬಾರದು ಎಂದು ಅವರಿಗೆ ಗೊತ್ತಿದ್ದರೂ, ‘ಭಾನುವಾರ ಕಾರ್ಯಕ್ರಮ ಇದೆ, ಇವತ್ತೇ ಮುಗಿಸಿ’ ಎಂದವರ ಮುಂದೆ ಇಲ್ಲ ಎನ್ನುವ ಅಧಿಕಾರ ಅವರಿಗಿರುವುದಿಲ್ಲ.

ಹಾಗಾಗಿ ‘ಹುಷಾರು’ ಎಂದು ಹೇಳಿದರೆ ನಮ್ಮ ಜವಾಬ್ದಾರಿ ಮುಗಿಯುವುದಿಲ್ಲ. ತೋಟದ ಸಾಕೆಟ್ಟಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸುವುದು, ಜೋಡಣೆಯಿಲ್ಲದ ದಪ್ಪ ವೈರು, ಬೂಟು, ಕನ್ನಡಕ ಕೊಡಿಸುವುದು, ವರ್ಷಕ್ಕೆ ಒಂದೆರಡು ಸಲ ಬ್ಲೇಡಿಗೆ ಸಾಣೆ ಹಿಡಿಸುವುದು ಕೊಂಡವರ ಕೆಲಸ. ಕೈಪಿಡಿಯ ಮುಖ್ಯ ಮಾತುಗಳನ್ನು ತಳ್ಳುವವರ ಭಾಷೆಯಲ್ಲಿ ಒಂದು ಹಾಳೆಯಲ್ಲಿ ಬರೆದು ಯಂತ್ರ ಇಡುವ ಗೋಡೆಗೆ ಅಂಟಿಸಬಹುದು. ‘ಹುಲ್ಲು ಒಣಗುವವರೆಗೆ ಕೆಲಸ ಬೇಡ’ ಎಂಬ ನಿಯಮವನ್ನು ಸಂಘವೇ ಮಾಡಿದರೆ ಮಾಲಿ ಯಾರ ಮುಂದೆಯೂ ವಾದ ಮಾಡಬೇಕಿಲ್ಲ.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಕೆಳಗಿಳಿದು ಹೋಗಿ, ನಿಮ್ಮ ಮೋವರ್‌ನ ಪ್ಲಗ್ ಯಾವ ಸಾಕೆಟ್ಟಿಗೆ ಹೋಗುತ್ತದೆಂದು ಹುಡುಕಿ. ಆ ಸಾಕೆಟ್ಟಿನ ಹಿಂದೆ ಆರ್‌ಸಿಸಿಬಿ ಇದೆಯೇ ಎಂದು ನೋಡಿ, ಟೆಸ್ಟ್ ಗುಂಡಿ ಒತ್ತಿ. ಆ ಸಾಕೆಟ್ಟಿನ ವಿದ್ಯುತ್ ಕೂಡಲೇ ಹೋದರೆ ಆರ್‌ಸಿಸಿಬಿ ಎತ್ತಿಟ್ಟು ಬನ್ನಿ. ಹೋಗದಿದ್ದರೆ, ಅಥವಾ ಒತ್ತಲು ಗುಂಡಿಯೇ ಇಲ್ಲದಿದ್ದರೆ, ಅದನ್ನು ಸರಿಪಡಿಸುವವರೆಗೆ ಹುಲ್ಲು ಬೆಳೆಯಲಿ ಬಿಡಿ.